ಇಂಗ್ಲಿಷ್ ಸರ್ ಹೇಳಿದ ಪಂಚಗನಿಯ ಹುಡುಗ

ನಮ್ಮ ಇಂಗ್ಲಿಷ್ ಸರ್ ತೀರಿಕೊಂಡ ಸುದ್ದಿ ಬಂದ ದಿನ ಬ್ಯಾಚಿನವರೆಲ್ಲ ಏನೇನೋ ನೆನಪು ತೆಗೆದರು. ಒಬ್ಬರಿಗೆ ಅವರ ಬಿಳಿ ಧೋತರ, ಇನ್ನೊಬ್ಬರಿಗೆ ಬೋರ್ಡಿನ ಮೇಲಿನ ಮುತ್ತಿನಂಥ ಅಕ್ಷರ. ನನಗೆ ನೆನಪಾದದ್ದು 1991ರ ನವೆಂಬರ್‌ನ ಒಂದು ಪಿರಿಯಡ್. ಸರ್ ಕೈಯಲ್ಲಿ ಪೇಪರ್ ಹಿಡಿದುಕೊಂಡೇ ಒಂಬತ್ತನೇ ಇಯತ್ತೆಗೆ ಬಂದು, "ನಮ್ಮ ಪಂಚಗನಿ ಹುಡುಗ ಹೋದನಲ್ರೋ" ಅಂದರು. ಅವತ್ತು ಪುಸ್ತಕ ತೆಗೆಯಲೇ ಇಲ್ಲ.

ಹೋದವನು ಫ್ರೆಡ್ಡಿ ಮರ್ಕ್ಯುರಿ, ಕ್ವೀನ್ ಎಂಬ ರಾಕ್ ತಂಡದ ಹಾಡುಗಾರ. ಚಿಕ್ಕೋಡಿಯ ನಾವು ಆ ಹೆಸರು ಕೇಳಿದ್ದೇ ಅವತ್ತು. ಸರ್ ಮಾತ್ರ ನಮ್ಮೂರಿಗೆ ಬರುವ ಮೊದಲು ಮಹಾರಾಷ್ಟ್ರದ ಗುಡ್ಡದೂರು ಪಂಚಗನಿಯ ಒಂದು ವಸತಿಶಾಲೆಯಲ್ಲಿ ರೆಕ್ಟರ್, ಅಂದರೆ ಹಾಸ್ಟೆಲ್ ನೋಡಿಕೊಳ್ಳುವವರು, ಆಗಿದ್ದರು. "ನಮ್ಮ ಕೃಷ್ಣಾ ಹೊಳಿ ಹುಟ್ಟೂದು ಅದರ ಮಗ್ಗಲದಾಗ, ಮಹಾಬಳೇಶ್ವರದಾಗ. ಆ ಹುಡುಗನೂ ಇದ ನೀರು ಕುಡದು ಬೆಳದಾನ" ಎಂದು ಶುರು ಮಾಡಿದರು.

ಹುಡುಗನ ಹುಟ್ಟುಹೆಸರು ಫರೋಖ್ ಬಲ್ಸಾರಾ. 1946ರಲ್ಲಿ ಆಫ್ರಿಕಾದ ಪೂರ್ವ ಕರಾವಳಿಯ ಜಂಜಿಬಾರ್ ದ್ವೀಪದಲ್ಲಿ ಹುಟ್ಟಿದ ಪಾರ್ಸಿ ಕೂಸು. ಎಂಟು ವರ್ಷಕ್ಕೇ ಅಪ್ಪ ಅಮ್ಮನನ್ನು ಬಿಟ್ಟು ಸಮುದ್ರ ದಾಟಿ ಪಂಚಗನಿಯ ಸೇಂಟ್ ಪೀಟರ್ಸ್ ಶಾಲೆಯ ಬೋರ್ಡಿಂಗಿಗೆ ಬಂದ. ಅವನ ಕೈಯಲ್ಲಿ ಸಂಗೀತವಿದೆ ಎಂದು ಗುರುತಿಸಿದವರು ಅಲ್ಲಿಯ ಹೆಡ್‌ಮಾಸ್ತರರು. ಇವನಿಗೆ ಸರಿಯಾಗಿ ಸಂಗೀತ ಕಲಿಸೋಣ ಎಂದು ಅಪ್ಪ ಅಮ್ಮನಿಗೆ ಪತ್ರ ಬರೆದರು. ಪಿಯಾನೋ ಪಾಠ ಶುರುವಾಯಿತು. ಮುಂದೆ ಐವರು ಹುಡುಗರು ಕೂಡಿ ‘ಹೆಕ್ಟಿಕ್ಸ್’ ಎಂಬ ತಂಡ ಕಟ್ಟಿ ಶಾಲೆಯ ಸಮಾರಂಭಗಳಲ್ಲಿ ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಹಾಡು ಬಾರಿಸಿದರು. ಅದರಲ್ಲಿ ಮುಖ್ಯ ಹಾಡುಗಾರ ಬೇರೆ ಹುಡುಗ, ಫರೋಖ್ ಪಿಯಾನೋ ಹತ್ತಿರ! ಮುಂದೆ ಲೋಕವನ್ನೇ ಕುಣಿಸಿದ ಕಂಠ ಆಗ ಪಿಯಾನೋದ ಹಿಂದೆ ಇತ್ತು ಎಂಬುದು ಇವತ್ತಿಗೂ ನನಗೆ ಸೋಜಿಗ. 1964ರಲ್ಲಿ ಜಂಜಿಬಾರ್‌ನಲ್ಲಿ ಕ್ರಾಂತಿಯಾಗಿ ಮನೆಮಂದಿಯೆಲ್ಲ ಇಂಗ್ಲೆಂಡಿಗೆ ಹೋದರು. ಕ್ವೀನ್ ಹುಟ್ಟಿದ್ದು 1970ರಲ್ಲಿ.

ಇಷ್ಟು ಕೇಳಿದ ಮೇಲೆ ನಾವು ಸುಮ್ಮನಿರುವುದುಂಟೆ? ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಿಪಾಯಿ ಚಹಾಕ್ಕೆ ಹೋದದ್ದನ್ನು ನೋಡಿ ಪ್ರಾರ್ಥನೆಯ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಕೋಣೆಯಿಂದ ಎತ್ತಿಕೊಂಡು ಬಂದೆವು. ಎರಡು ಡಾಲ್ಡಾ ಡಬ್ಬಿ, ಗೋಲಿ ತುಂಬಿದ ಕಂಪಾಸ್ ಪೆಟ್ಟಿಗೆ. ರಾಕ್ ಹಾಡು ಯಾರಿಗೂ ಬಾರದು. ದಿನಾ ಹೇಳುವ ಪ್ರಾರ್ಥನೆಯನ್ನೇ ದುಪ್ಪಟ್ಟು ಲಯದಲ್ಲಿ ಕಿರುಚಿದೆವು. ಪೇಟಿಯ ಒಂದು ಕರಿ ಮನೆ ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು. ಅದನ್ನು ಎಡಗೈ ಉಗುರಿನಿಂದ ಎತ್ತುತ್ತ ಬಲಗೈಯಲ್ಲಿ ಬಾರಿಸಿದೆ. ದೊಡ್ಡ ಸರ್ ಬೆತ್ತ ಹಿಡಿದು ಓಡಿ ಬಂದರು. ಅವರ ಹಿಂದೆಯೇ ಬಂದ ಇಂಗ್ಲಿಷ್ ಸರ್ ಕೇಳಿದ್ದು ಒಂದೇ: "ಪೇಟಿ ಬಾರಿಸಿದಾಂವ ಯಾರು?"

ಮುಂದಿನ ವಾರ ಯಡೂರಿನ ನಮ್ಮ ಮನೆಗೆ ಇನ್‌ಲ್ಯಾಂಡ್ ಪತ್ರ ಬಂತು. "ನಿಮ್ಮ ಮಗನಿಗೆ ಸ್ವರಜ್ಞಾನ ಐತಿ. ಅವನಿಗೆ ಪೇಟಿ ಕಲಸ್ರಿ." ಕಬ್ಬಿನ ಹೊಲ ಬಿಟ್ಟರೆ ಬೇರೇನೂ ಕಾಣದ ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು, ಭಜನಿ ಮೇಳದ ಅಜ್ಜನ ಹತ್ತಿರ ನನ್ನನ್ನು ಬಿಟ್ಟು ಬಂದರು. ಇವತ್ತು ಪುಣೆಯಲ್ಲಿ ನನ್ನದೇ ಸ್ಟುಡಿಯೋ ಇದೆ. ನಾನು ಕೀಬೋರ್ಡ್ ನುಡಿಸಿದ ಹಾಡುಗಳು ಮರಾಠಿ, ಕನ್ನಡ ಎರಡರಲ್ಲೂ ಬಂದಿವೆ. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ತೂಗುಹಾಕಿದ್ದೇನೆ.

ನನ್ನ ಮಗಳು ಓದುವ ಶಾಲೆಯಲ್ಲಿ ವೇಳಾಪಟ್ಟಿಯಲ್ಲಿ ಸಂಗೀತವೇನೋ ಇದೆ, ಆ ಗಂಟೆಗೆ ನಡೆಯುವುದು ಮಾತ್ರ ಗಣಿತದ ಟೆಸ್ಟ್. ಮನೆಗೆ ಬರುವುದು ಅಂಕದ ಮೆಸೇಜು. ನಿಮ್ಮ ಮಗುವಿಗೆ ಇಂಥದ್ದೊಂದು ಐತಿ ನೋಡ್ರಿ ಎಂದು ಬರೆಯುವ ಪುರುಸೊತ್ತು ಯಾವ ಮಾಸ್ತರರಿಗೂ ಉಳಿದಿಲ್ಲ. ಇದು ಅವರ ತಪ್ಪಲ್ಲ, ಅವರ ತಲೆ ಮೇಲೆ ಹೇರಿರುವ ಕಾಗದಪತ್ರದ್ದು.

ಸರ್ ಹೆಸರಿನಲ್ಲಿ ನಮ್ಮ ಬ್ಯಾಚಿನವರು ಹಣ ಕೂಡಿಸಿ ಶಾಲೆಗೆ ಹೊಸ ಪೇಟಿ, ಒಂದು ಕೀಬೋರ್ಡ್ ಕೊಡುತ್ತಿದ್ದೇವೆ. ಈಗಿನ ದೊಡ್ಡ ಸರ್ ಅವರಲ್ಲಿ ನನ್ನದೊಂದು ವಿನಂತಿ. ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಮುರಿದರೆ ನಾನೇ ಬಂದು ರಿಪೇರಿ ಮಾಡಿಸಿಕೊಡುತ್ತೇನೆ.