ಕೆನ್ನೆಯ ಕೋಶದಲ್ಲಿ ಕಾಣುವುದು, ಕಾಣದಿರುವುದು

ಮುಂಬಯಿಯ ಕಾಲೇಜೊಂದರಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಮಾಟುಂಗದ ಕನ್ನಡ ಸಮಾರಂಭಗಳಲ್ಲಿ, ಡೊಂಬಿವಲಿಗೆ ಮರಳುವ ಲೋಕಲ್ ಗಾಡಿಯಲ್ಲಿ, ಪರಿಚಿತರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಸರ್, ಗಂಡು ಹೆಣ್ಣು ಎಂಬುದು ಕ್ರೋಮೋಸೋಮಿನಲ್ಲೇ ತೀರ್ಮಾನವಾಗಿರುವಾಗ ಲಿಂಗತ್ವದ ಗುರುತು ಎಂಬ ಬೇರೆ ಮಾತೇಕೆ?”

ಲಿಂಗತ್ವದ ಗುರುತು ಎಂದರೆ ತಾನು ಗಂಡೋ ಹೆಣ್ಣೋ ಬೇರೆಯೋ ಎಂಬ ಒಬ್ಬರ ಒಳ ಅರಿವು. ಅದಕ್ಕೂ ಮೊದಲು ದೇಹದ ವಿಷಯ. ಗರ್ಭದಲ್ಲಿ ಮೊದಲ ಆರು ವಾರಗಳವರೆಗೆ ಭ್ರೂಣದ ಜನನಗ್ರಂಥಿ ವೃಷಣವೂ ಆಗಬಲ್ಲದು, ಅಂಡಾಶಯವೂ ಆಗಬಲ್ಲದು. ‘ಮಗು ಅತ್ತಿತು’ ಎಂದು ಕೂಸನ್ನು ನಪುಂಸಕಲಿಂಗದಲ್ಲಿ ಹೇಳುವ ನಮ್ಮ ಭಾಷೆಗೆ ಈ ಸ್ಥಿತಿ ಅಪರಿಚಿತವೆನಿಸಬಾರದು. ವೈ ಕ್ರೋಮೋಸೋಮಿನಲ್ಲಿರುವ, 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಗುರುತಿಸಿದ ಎಸ್‌ಆರ್‌ವೈ ಎಂಬ ವಂಶವಾಹಿ ಎಚ್ಚೆತ್ತರೆ ಆ ಗ್ರಂಥಿ ವೃಷಣವಾಗುತ್ತದೆ. ವೃಷಣದಿಂದ ಹೊರಡುವ ಒಂದು ಸ್ರಾವ ಗರ್ಭಕೋಶವಾಗಬೇಕಿದ್ದ ನಾಳಗಳನ್ನು ಅಳಿಸುತ್ತದೆ, ಇನ್ನೊಂದು, ಅಂದರೆ ಟೆಸ್ಟೋಸ್ಟೆರಾನ್, ಗಂಡಿನ ನಾಳಗಳನ್ನು ಉಳಿಸಿ ಬೆಳೆಸುತ್ತದೆ. ಏನೂ ನಡೆಯದಿದ್ದರೆ ತಾನಾಗಿಯೇ ಹೆಣ್ಣು ಎಂದು ನಾವು ಓದಿದ ಹಳೆಯ ಪಠ್ಯಗಳು ಬರೆಯುತ್ತಿದ್ದುದು ಸೋಮಾರಿತನದ ಮಾತು. ಅಂಡಾಶಯ ರೂಪುಗೊಳ್ಳುವುದಕ್ಕೂ ಅದರದೇ ವಂಶವಾಹಿಗಳು ದುಡಿಯಬೇಕು.

ಈ ಮೆಟ್ಟಿಲುಗಳಲ್ಲಿ ಯಾವುದೂ ಬೇರೆ ದಿಕ್ಕಿಗೆ ತಿರುಗಬಹುದು. ತರಗತಿಯಲ್ಲಿ ನಾನೊಂದು ಪ್ರಯೋಗ ಮಾಡಿಸುತ್ತಿದ್ದೆ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದು, ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಡುಗಿಯರ ಕೆಲವು ಕೋಶಗಳಲ್ಲಿ ಕೋಶಕೇಂದ್ರದ ಅಂಚಿಗೆ ಅಂಟಿಕೊಂಡ ಕಪ್ಪು ಚುಕ್ಕೆ ಕಾಣುತ್ತದೆ. ಹೆಣ್ಣಿನಲ್ಲಿ ಸಾಮಾನ್ಯವಾಗಿರುವ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಒಂದು ಮುದುಡಿ ಕುಳಿತ ಗುರುತದು; ಮೊದಲು ಕಂಡವರು ಬಾರ್ ಮತ್ತು ಬರ್ಟ್ರಾಮ್, 1949ರಲ್ಲಿ, ಬೆಕ್ಕಿನ ನರಕೋಶದಲ್ಲಿ. ಒಂದು ವರ್ಷ ಹುಡುಗಿಯೊಬ್ಬಳು ಕಡ್ಡಿಯನ್ನು ಕೈಯಲ್ಲೇ ಹಿಡಿದು, “ಸರ್, ನನ್ನದರಲ್ಲಿ ಚುಕ್ಕೆ ಇಲ್ಲದಿದ್ದರೆ?” ಎಂದು ಕೇಳಿದಳು. ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. ಗಂಡಿನಲ್ಲಿರುವಂತೆ ಒಂದು ಎಕ್ಸ್, ಒಂದು ವೈ ಇದ್ದೂ ದೇಹದ ಕೋಶಗಳು ಟೆಸ್ಟೋಸ್ಟೆರಾನಿಗೆ ಓಗೊಡದಿದ್ದರೆ ಮಗು ಹೆಣ್ಣಿನ ಮೈಯಲ್ಲೇ ಹುಟ್ಟಿ ಬೆಳೆಯುತ್ತದೆ. ಆಕೆಯ ಕೆನ್ನೆಯಲ್ಲಿ ಚುಕ್ಕೆ ಇರುವುದಿಲ್ಲ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ 1985ರಲ್ಲಿ ಜಪಾನಿನ ಕೋಬೆಯಲ್ಲಿ ಮಹಿಳಾ ಸ್ಪರ್ಧಿಗಳಿಗೆ ನಡೆಸುತ್ತಿದ್ದ ಇಂಥದೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಸ್ಪರ್ಧಿಸುವ ಅರ್ಹತೆಯನ್ನು ಮರಳಿ ಪಡೆಯುವುದಕ್ಕೆ ಮೂರು ವರ್ಷ ಹೋರಾಡಬೇಕಾಯಿತು. ಮುಂದಿನ ವಾರದಿಂದ ನಾನು ಸಿದ್ಧ ಸ್ಲೈಡುಗಳನ್ನೇ ಬಳಸಿದೆ.

ಹಾಗೆಂದು ಜೀವಶಾಸ್ತ್ರದಲ್ಲಿ ಲೆಕ್ಕವಿಲ್ಲದಷ್ಟು ಲಿಂಗಗಳಿವೆ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಮನುಷ್ಯರಲ್ಲಿ ಸಂತಾನಕೋಶಗಳು ಎರಡೇ ಬಗೆ, ದೊಡ್ಡ ಅಂಡ ಮತ್ತು ಸಣ್ಣ ವೀರ್ಯಾಣು, ಮೂರನೆಯದಿಲ್ಲ. ಮೇಲೆ ಹೇಳಿದಂತೆ ದೇಹದ ಲಿಂಗಲಕ್ಷಣಗಳು ಬೇರೆ ದಿಕ್ಕಿಗೆ ತಿರುಗಿದವರ, ಅಂದರೆ ಅಂತರಲಿಂಗಿಗಳ, ಸ್ಥಿತಿ ದೇಹದ ಬೆಳವಣಿಗೆಗೆ ಸೇರಿದ್ದು, ಅದನ್ನು ಲಿಂಗತ್ವದ ವಾದಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಅಂತರಲಿಂಗಿಗಳಿಗೂ ಟ್ರಾನ್ಸ್ ಜನರಿಗೂ ಅನ್ಯಾಯ.

ಏಕೆಂದರೆ ನಮ್ಮ ಗಾಡಿಗಳಲ್ಲಿ ಚಪ್ಪಾಳೆ ತಟ್ಟಿ ಬರುವ, ಮರಾಠಿಯಲ್ಲಿ ತೃತೀಯಪಂಥಿ ಎನ್ನಿಸಿಕೊಳ್ಳುವ ಬಹುಮಂದಿಯ ದೇಹದಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ಸವದತ್ತಿ ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ಉಡುಗೆಯಲ್ಲಿ ಬಾಳುವ ಜೋಗಪ್ಪಗಳ ಮಾತೂ ಬಹುಮಟ್ಟಿಗೆ ಹಾಗೆಯೇ. ತಾನು ಯಾರು ಎಂಬ ಅವರ ಒಳ ಅರಿವು ಹುಟ್ಟಿನಲ್ಲಿ ದಾಖಲಾದದ್ದಕ್ಕೆ ಹೊಂದುವುದಿಲ್ಲ, ಮತ್ತು ಆ ಅರಿವನ್ನು ಯಾವ ಸ್ಲೈಡೂ ತೋರಿಸದು. “ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದಲ್ಲ” ಎನ್ನುವವರು ಗಡಿಯಾರವನ್ನು ತಕ್ಕಡಿಯಲ್ಲಿಟ್ಟು ಸಮಯ ಕೇಳುತ್ತಾರೆ. ಆ ಅರಿವು ಬೆಳೆಸಿದ ರೀತಿಯಿಂದ ಬಂದದ್ದು ಎಂಬ ವಾದಕ್ಕೆ ಕೆನಡಾದ ಡೇವಿಡ್ ರೀಮರನ ಬದುಕನ್ನು ನೋಡಬೇಕು: ಶೈಶವದಲ್ಲಿ ಶಸ್ತ್ರಚಿಕಿತ್ಸೆ ಕೆಟ್ಟು ಶಿಶ್ನ ನಾಶವಾದ ಮೇಲೆ ವೈದ್ಯರ ಸಲಹೆಯಂತೆ ಅವನನ್ನು ಹೆಣ್ಣಾಗಿ ಬೆಳೆಸಿದರು, ಹದಿಹರೆಯದಲ್ಲಿ ಅವನು ಅದನ್ನು ತಿರಸ್ಕರಿಸಿ ಗಂಡಾಗಿ ಬದುಕಿದ. ಒಬ್ಬನ ಕಥೆಯಿಂದ ನಿಯಮ ಕಟ್ಟಲಾಗದು, ಆದರೆ ಫ್ರಾಕು ತೊಡಿಸಿದ ಮಾತ್ರಕ್ಕೆ ಒಳಗಿನದು ಬದಲಾಗುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯುತ್ತದೆ.

ನಮ್ಮ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗತ್ವವನ್ನು ಸ್ವತಃ ಹೇಳಿಕೊಳ್ಳುವ ಹಕ್ಕನ್ನು ಒಪ್ಪಿ, ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಅನೈತಿಕ ಮತ್ತು ಕಾನೂನುಬಾಹಿರವೆಂದಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ರೋಗಪಟ್ಟಿಯಲ್ಲಿ, ಹುಟ್ಟಿನಲ್ಲಿ ದಾಖಲಾದದ್ದಕ್ಕೆ ಒಳ ಅರಿವು ಹೊಂದದಿರುವ ಈ ಸ್ಥಿತಿ ಮಾನಸಿಕ ಕಾಯಿಲೆಗಳ ವಿಭಾಗದಿಂದ ಹೊರಬಂದಿತು.

ಹಾಗಾದರೆ ದೇಹದ ಲಿಂಗವನ್ನು ಯಾರೂ ಕೇಳಲೇಬಾರದೇ ಎಂದು ಪ್ರಶ್ನಿಸಿದವರಿಗೆ ನಾನು ಆಸ್ಪತ್ರೆಯ ಉದಾಹರಣೆ ಕೊಡುತ್ತೇನೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರಿಗೆ ಗರ್ಭಕಂಠ ಉಳಿದಿದ್ದರೆ ಅದರ ಕ್ಯಾನ್ಸರಿನ ತಪಾಸಣೆ ಬೇಕು. ಗಂಡಾಗಿ ಹುಟ್ಟಿದ ಟ್ರಾನ್ಸ್ ಮಹಿಳೆಗೆ ಪ್ರಾಸ್ಟೇಟ್ ತೊಂದರೆ ಬರಬಹುದು. ವೈದ್ಯರು ಕೇಸ್ ಪೇಪರಿನಲ್ಲಿ ಅಂಗದ ವಿವರ ಬರೆದುಕೊಳ್ಳಲಿ, ಹೊರಗೆ ಬೆಂಚಿನ ಮೇಲೆ ಕಾದಿರುವವರನ್ನು ಅವರು ಹೇಳಿದ ಹೆಸರಿನಿಂದಲೇ ಕೂಗಲಿ.