6.2 ಕಿಲೋ ಓಮ್: ಕೊನೆಗೂ ಸುತ್ತಿ ಮುಗಿದ ಮೊದಲ ಪಿಕಪ್

ನಾನೇ ಕೈಯಾರೆ ಮಾಡುತ್ತಿರುವ ಎಲೆಕ್ಟ್ರಿಕ್ ಗಿಟಾರಿಗೆ ಪಿಕಪ್ ಸುತ್ತುತ್ತಿದ್ದೇನೆ. ಪಿಕಪ್ ಅಂದರೆ ಆಯಸ್ಕಾಂತಗಳ ಸುತ್ತ ತಾಮ್ರದ ತಂತಿ ಸುತ್ತಿದ ಸುರುಳಿ, ಗಿಟಾರ್ ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವುದು ಅದೇ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮಲ್ಟಿಮೀಟರ್ 6.2 ಕಿಲೋ ಓಮ್ ತೋರಿಸಿತು. ನಂಬಿಕೆ ಬರಲಿಲ್ಲ. ಪ್ರೋಬ್ ತೆಗೆದು ಮತ್ತೆ ಇಟ್ಟೆ, ಮತ್ತೆ 6.2. ಒಟ್ಟು 7,800 ಸುತ್ತು, ಮೊದಲಿಂದ ಕೊನೆವರೆಗೆ ಒಂದೇ ತಂತಿ. ಇದಕ್ಕೆ ಎರಡು ತಿಂಗಳು ಹಿಡಿಯಿತು.

ಬಾಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೆಂಡರ್ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಆಕಾರ, ಸಿಲ್ವರ್ ಓಕ್ ಹಲಗೆ, ಹಳೆ ಗಿಟಾರಿನಿಂದ ಬಿಚ್ಚಿಕೊಂಡ ನೆಕ್. ಮರ ಕೊರೆಯುವ ರೂಟರ್ ಕೆಲಸ ಎರಡು ಭಾನುವಾರದಲ್ಲಿ ಮುಗಿಯಿತು. ಸ್ಯಾಂಡಿಂಗ್ ಕಷ್ಟ ನಿಮಗೆಲ್ಲ ಗೊತ್ತಿರುವುದೇ. ಗಾಡಿ ನಿಂತದ್ದು ಪಿಕಪ್ ಹತ್ತಿರ.

ಪಿಕಪ್ ರೆಡಿಮೇಡ್ ಸಿಗುತ್ತಲ್ವಾ ಅಂತ ಕೇಳಬಹುದು. ಸಿಗುತ್ತೆ. ಆದರೆ ಇದರ ಮುಂದಿನ ಕೆಲಸವಾಗಿ ನನ್ನ ತಲೆಯಲ್ಲಿರುವುದು ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್, ಯು. ಶ್ರೀನಿವಾಸ್ ಅವರು ನುಡಿಸುತ್ತಿದ್ದರಲ್ಲ, ಆ ಬಗೆಯದು. ಅದಕ್ಕೆ ಐದು ಆಯಸ್ಕಾಂತದ ಚಿಕ್ಕ ಪಿಕಪ್ ಬೇಕು. ನಾನು ಹುಡುಕಿದ ಕಡೆಯೆಲ್ಲ ನಾಲ್ಕರದ್ದು, ಆರರದ್ದು ಇತ್ತು, ಐದರದ್ದು ಇರಲಿಲ್ಲ. ಸುತ್ತುವುದನ್ನು ಕಲಿಯದೆ ಬೇರೆ ದಾರಿ ಇಲ್ಲ. ಅದರ ಬಾಡಿಯನ್ನು ಹಲಸಿನ ಮರದಲ್ಲೇ ಮಾಡುವ ಆಸೆ. ವೀಣೆಗೆ ಒಗ್ಗಿದ ಮರ ಇದಕ್ಕೂ ಒಗ್ಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಇರಲಿ, ಅದರ ನಕ್ಷೆ ಇನ್ನೊಂದು ಸಲ ತೋರಿಸುತ್ತೇನೆ.

ಮೊದಲ ಏಟು ಬಿದ್ದದ್ದು ತಂತಿಯ ದಪ್ಪ ಹೇಳುವ ನಂಬರಿನಲ್ಲಿ, ಅಂದರೆ ಗೇಜ್‌ನಲ್ಲಿ. 1954ರಲ್ಲಿ ಬಂದ ಸ್ಟ್ರ್ಯಾಟೊಕಾಸ್ಟರ್‌ನ ಪಿಕಪ್‌ಗಳಲ್ಲಿ 42 ಗೇಜ್ ತಂತಿ, ಹತ್ತಿರ ಹತ್ತಿರ 8,000 ಸುತ್ತು. ನಾನೂ ಆನ್‌ಲೈನಿನಲ್ಲಿ 42 ಗೇಜ್ ಅಂತಲೇ ತರಿಸಿದೆ. 3,000 ಸುತ್ತಿಗೇ ಬಾಬಿನ್ (ತಂತಿ ಸುತ್ತುವ ಚೌಕಟ್ಟು) ತುಂಬಿ ಹೊರಗೆ ಉಬ್ಬಿತು. ಮೀಟರ್ 0.9 ಕಿಲೋ ಓಮ್ ತೋರಿಸಿತು. ನಮ್ಮ ಬೀದಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಅಣ್ಣನ ಹತ್ತಿರ ತಗೊಂಡು ಹೋದೆ. ಅವರು ತುದಿಗೆ ಬೆಂಕಿಕಡ್ಡಿ ಹಿಡಿದು ಎನಾಮಲ್ ಸುಟ್ಟರು, ಒರೆಸಿದರು, ಮೈಕ್ರೋಮೀಟರ್ ಇಟ್ಟರು.

"ಇದು ಪಾಯಿಂಟ್ ಒಂದು ಸಾರ್. ಯಾವ ಗೇಜ್ ಲೆಕ್ಕ ಹೇಳಿದ್ರಿ ನೀವು?"

ಅಲ್ಲಿ ಬಯಲಾಯಿತು. ಗಿಟಾರಿನವರು ಹೇಳುವ 42 ಅಮೆರಿಕದ ಎಡಬ್ಲ್ಯುಜಿ ಲೆಕ್ಕ, ಅಂದರೆ 0.063 ಮಿ.ಮೀ. ನಮ್ಮ ಕಡೆ ನಡೆಯುವುದು ಬ್ರಿಟಿಷರ ಎಸ್‌ಡಬ್ಲ್ಯುಜಿ. ಅದರ 42 ಅಂದರೆ 0.10 ಮಿ.ಮೀ. ನಮಗೆ ಬೇಕಾದದ್ದು ಎಸ್‌ಡಬ್ಲ್ಯುಜಿಯಲ್ಲಿ 46, ಅದು 0.061. ದಯವಿಟ್ಟು ಗೇಜ್ ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ. ಮಾರಿದವರು "ಗಿಟಾರ್ ಪಿಕಪ್‌ಗೆ" ಅಂತ ಬರೆದೇ ಮಾರಿದ್ದರು. ಸೀಲ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದರು. ಸುತ್ತದೆ ತಪ್ಪು ಗೊತ್ತಾಗುವುದಾದರೂ ಹೇಗೆ? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಸರಿಯಾದ ತಂತಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಕ್ಕಿತು, 250 ಗ್ರಾಂ ರೀಲು. ಅಸಲಿ ಕಾಟ ಶುರುವಾದದ್ದು ಆಮೇಲೆ. ಈ ತಂತಿ ಕೂದಲಿನಷ್ಟು ಸಣ್ಣ. ಮೊದಲ ಸಲ 1,100ಕ್ಕೆ ಕಡಿಯಿತು. ಎರಡನೇ ಸಲ 2,640ಕ್ಕೆ. ಮೂರನೇ ಸಲ 5,912. ಆ ಅಂಕಿ ನಾನು ಮರೆಯುವುದಿಲ್ಲ. ಬೆಸುಗೆ ಹಾಕಿ, ಟೇಪ್ ಸುತ್ತಿ ಮುಂದುವರಿಸಿ ನೋಡಿದೆ. ಗಂಟಿನ ಮೇಲೆ ಗುಡ್ಡ ಎದ್ದಿತು, ಸುತ್ತುಗಳೆಲ್ಲ ಪಕ್ಕಕ್ಕೆ ಜಾರಿದವು. ಕತ್ತರಿಯಿಂದ ಪೂರ್ತಿ ಕೊಯ್ದು ತೆಗೆದೆ.

ಬಿಗಿ ಜಾಸ್ತಿ ಆಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡೆ. ತಂತಿಯನ್ನು ಬಿಗಿ ಹಿಡಿಯುವ ಫೆಲ್ಟ್ ಬಟ್ಟೆ ಬದಲಾಯಿಸಿದೆ. ಫೆಲ್ಟ್ ಬಿಟ್ಟು ಬೆರಳಲ್ಲೇ ಹಿಡಿದೆ. ಬಾಬಿನ್ ಅಂಚುಗಳನ್ನು ಸಾವಿರದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ. ಬಾಬಿನ್ ತಿರುಗಿಸಲು ಹೊಲಿಗೆ ಮಷೀನಿನ ಹಳೆ ಮೋಟಾರ್ ಕಟ್ಟಿಕೊಂಡಿದ್ದೆ, ಅದರ ಪೆಡಲ್ ಅರ್ಧಕ್ಕಿಂತ ಕೆಳಗೆ ಒತ್ತಲೇ ಇಲ್ಲ. ವಿಚಿತ್ರ ಏನೆಂದರೆ, ನಿಧಾನ ಮಾಡಿದಷ್ಟೂ ಬೇಗ ಕಡಿಯಿತು. ಬಿಗಿಯೇ ಕಾರಣವಾಗಿದ್ದರೆ ಹೀಗಾಗಬಾರದು. ಒಂದು ವಾರ ಈ ಒಂದು ಮಾತನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ.

ಒಗಟು ಬಿಡಿಸಿದ್ದು ಅಮ್ಮ. ಟೀ ಕೊಡಲು ಬಂದವರು ಸ್ವಲ್ಪ ಹೊತ್ತು ನಿಂತು ನೋಡಿದರು.

"ರೀಲಿನ ಕಚ್ಚು ಮೇಲೆ ಮಾಡಿ ಇಟ್ಟಿದ್ದೀಯಾ ನೋಡೋ. ದಾರ ಅಲ್ಲೇ ಸಿಕ್ಕಿಕೊಳ್ಳೋದು."

ಹೊಲಿಗೆ ದಾರದ ರೀಲಿಗೆ ತುದಿ ಸಿಕ್ಕಿಸಲು ಒಂದು ಕಚ್ಚು ಇರುತ್ತದೆ. ಅದನ್ನು ದಾರ ಬಿಚ್ಚಿಕೊಳ್ಳುವ ಕಡೆ ಇಡಬಾರದು ಅನ್ನುವುದು ಅಮ್ಮನಿಗೆ ಮೂವತ್ತು ವರ್ಷದಿಂದ ಗೊತ್ತು. ತಾಮ್ರದ ರೀಲಿಗೆ ಅಂಥ ಕಚ್ಚು ಇಲ್ಲ ಅಂದೆ. ಅಂಚಿನ ಸುತ್ತ ಉಗುರು ಆಡಿಸು ಅಂದರು. ಒಂದು ಕಡೆ ಉಗುರು ಟಕ್ ಅಂತ ನಿಂತಿತು. ಎಲ್ಲೋ ಬಿದ್ದು ಪ್ಲಾಸ್ಟಿಕ್ ಅಂಚು ಸಣ್ಣಗೆ ಸೀಳಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು.

ಆಗ ಎಲ್ಲ ಹೊಂದಿಕೊಂಡಿತು. ರೀಲನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ತಂತಿ ಎಳೆಯುತ್ತೇವೆ. ಜೋರಾಗಿ ಓಡಿಸಿದರೆ ತಂತಿ ಅಗಲವಾಗಿ ಸುಳಿಯುತ್ತಾ ಅಂಚನ್ನು ದೂರ ಇಟ್ಟು ಬರುತ್ತದೆ. ನಿಧಾನ ಮಾಡಿದರೆ ಸಡಿಲವಾಗಿ ಅಂಚಿನ ಮೇಲೇ ಬೀಳುತ್ತದೆ, ಸೀಳಿಗೆ ಸಿಕ್ಕುತ್ತದೆ. ನಾನು ಎಚ್ಚರಿಕೆ ಅಂತ ಮಾಡಿದ್ದೇ ತಂತಿಯನ್ನು ಕಡಿಯುತ್ತಿತ್ತು.

ರೀಲನ್ನು ತಲೆಕೆಳಗು ಮಾಡಿದೆ. ಮೇಲೆ ಬಂದ ಅಂಚನ್ನು ಉಜ್ಜಿ, ಮೇಣದಬತ್ತಿ ತಿಕ್ಕಿದೆ. ಪೆಡಲ್ ಗಟ್ಟಿಯಾಗಿ ಒತ್ತಿದೆ. 5,912 ದಾಟುವಾಗ ಅಮ್ಮನೂ ನಾನೂ ಸುತ್ತು ಎಣಿಸುವ ಕ್ಯಾಲ್ಕುಲೇಟರನ್ನೇ ನೋಡುತ್ತಿದ್ದೆವು. 7,800ಕ್ಕೆ ನಿಲ್ಲಿಸಿದೆ. 46ರ ತಂತಿ ಒಂದು ಕೂದಲೆಳೆ ಸಣ್ಣ, ಅದಕ್ಕೇ ಕಡಿಮೆ ಸುತ್ತಿಗೇ ಓಮ್ ಸಾಕಷ್ಟು ಬಂತು.

ಸುಮ್ನೆ ಟೇಪ್ ಹಚ್ಚಿ ಗಿಟಾರಿನ ತಂತಿಗಳ ಕೆಳಗೆ ಕೂರಿಸಿ ನೇರ ಆಂಪ್‌ಗೆ ಕೊಟ್ಟೆ. ಮೊದಲ ಇ ಮೈನರ್ ಕೇಳಿ ಅಮ್ಮ "ಗಂಟೆ ಇದ್ದ ಹಾಗಿದೆ" ಅಂದರು. ನಿಜ, ಮೇಲಿನ ತಂತಿಗಳು ಹಾಗೇ ಮಿನುಗುತ್ತವೆ. ವಾಲ್ಯೂಮ್ ಏರಿಸಿದರೆ ಮಾತ್ರ ಕೀಂಯ್ ಅನ್ನುತ್ತದೆ. ಸುತ್ತುಗಳು ಅಲುಗದ ಹಾಗೆ ಇನ್ನೂ ಮೇಣದಲ್ಲಿ ಅದ್ದಿಲ್ಲವಲ್ಲ. ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು, ಬಿಸಿನೀರಿನ ಮೇಲೆ 65 ಡಿಗ್ರಿ. ಜೇನುಮೇಣ ಸ್ವಲ್ಪ ಉಳಿಸಬೇಕು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವ ಹಾಗೆ ಮ್ಯಾಂಡೊಲಿನ್ನಿಗೆ ಒಂದು ಫಿಂಗರ್‌ಬೋರ್ಡ್ ಮಾಡಿ ನೋಡುವ ಯೋಚನೆ ಇದೆ.

ಅದಕ್ಕೂ ಮೊದಲು ಈ ಗಿಟಾರಿನ ಮೂರರಲ್ಲಿ ಮಧ್ಯದ ಪಿಕಪ್. ಇದನ್ನು ಉಲ್ಟಾ ದಿಕ್ಕಿಗೆ ಸುತ್ತಬೇಕು, ಆಯಸ್ಕಾಂತಗಳನ್ನೂ ಉಲ್ಟಾ ಕೂರಿಸಬೇಕು. ಆಗ ಸ್ವಿಚ್‌ನ ಎರಡು ಮತ್ತು ನಾಲ್ಕನೇ ಜಾಗದಲ್ಲಿ, ಅಂದರೆ ಮಧ್ಯದ್ದೂ ಪಕ್ಕದ್ದೂ ಒಟ್ಟಿಗೆ ನುಡಿಯುವಾಗ, ಕರೆಂಟಿನ ಗುಂಯ್ ಸದ್ದು ಒಂದಕ್ಕೊಂದು ಹೊಡೆದುಹೋಗುತ್ತದೆ, ತಂತಿಯ ನಾದ ಉಳಿಯುತ್ತದೆ. ದಿಕ್ಸೂಚಿ ಹಿಡಿದು ಆರು ಆಯಸ್ಕಾಂತಗಳಿಗೂ ಕೆಂಪು ಚುಕ್ಕೆ ಇಟ್ಟಾಗಿದೆ. ರೀಲಿನಲ್ಲಿ ತಂತಿ ಧಾರಾಳವಾಗಿದೆ, ಒಂದು ಪಿಕಪ್‌ಗೆ 30 ಗ್ರಾಂ ಕೂಡ ಬೇಡ. ಶನಿವಾರ ಸಂಜೆ ಸುತ್ತುತ್ತೇನೆ. ಕ್ಯಾಲ್ಕುಲೇಟರ್ ತಾನು ನೋಡಿಕೊಳ್ಳುತ್ತೇನೆ ಅಂತ ಅಮ್ಮ ಹೇಳಿದ್ದಾರೆ.