ಭಾನುವಾರದಿಂದ ಗುರುವಾರ

ಶಿರಸಿಯ ಕಾಲೇಜು ಬಿಟ್ಟು ಎಷ್ಟೋ ವರ್ಷವಾಯಿತು. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಇಂಗ್ಲಿಷ್ ಸರ್ ಬೋರ್ಡಿನ ಮೇಲೆ ಬರೆದ ಐದು ವಾರಗಳ ಹೆಸರು ಮಾತ್ರ ಮರೆತಿಲ್ಲ.

‘ರೋಮಿಯೋ ಮತ್ತು ಜೂಲಿಯೆಟ್’ ಪಾಠ. ಭಾನುವಾರ ರಾತ್ರಿ ಔತಣದಲ್ಲಿ ಇಬ್ಬರ ಭೇಟಿ. ಸೋಮವಾರ ಮಧ್ಯಾಹ್ನ ಗುಟ್ಟಾಗಿ ಮದುವೆ. ಅದಾದ ಸ್ವಲ್ಪ ಹೊತ್ತಿಗೇ ರೋಮಿಯೋ ಅವಳ ಸೋದರಮಾವನ ಮಗ ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗುತ್ತಾನೆ. ಮಂಗಳವಾರ ರಾತ್ರಿ ಅವಳು ಸತ್ತಂತೆ ಮಲಗಿಸುವ ಮದ್ದು ಕುಡಿಯುತ್ತಾಳೆ. ಗುರುವಾರ ಬೆಳಗಾಗುವಷ್ಟರಲ್ಲಿ ಇಬ್ಬರೂ ಇಲ್ಲ. ಹುಡುಗಿಗೆ ಇನ್ನೂ 14 ತುಂಬಿರಲಿಲ್ಲ.

“ಸರ್, ಇಲ್ಲಿ ಹಾಕಿದ ಕಾಗದ ನಮ್ಮೂರು ಮುಟ್ಟೋದ್ರೊಳಗೆ ಇವರ ಕತೆನೇ ಮುಗೀತು” ಎಂದ ಹಿಂದಿನ ಬೆಂಚಿನವನೊಬ್ಬ. ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ. “ಅಲ್ಲೂ ಕೈಕೊಟ್ಟಿದ್ದು ಕಾಗದವೇ” ಎಂದರು. ರೋಮಿಯೋಗೆ ನಿಜ ತಿಳಿಸುವ ಪತ್ರ ಹಿಡಿದವನನ್ನು ಪ್ಲೇಗಿನ ಅನುಮಾನದಲ್ಲಿ ಒಂದು ಮನೆಯೊಳಗೆ ಕೂಡಿಹಾಕಿದ್ದರು.

ಶೇಕ್ಸ್‌ಪಿಯರ್ ಈ ಕತೆ ಎತ್ತಿಕೊಂಡಿದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಕಾವ್ಯದಿಂದ. ಅಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತದೆ. ಇವನು ಐದೇ ದಿನಕ್ಕೆ ಇಳಿಸಿದ.

ಹುಡುಗಾಟದ ದುಡುಕು ಅಂತ ಸುಮ್ನೆ ಹೇಳಿಬಿಡಬಹುದು. ನನಗೆ ಸಿಟ್ಟು ಜಾಸ್ತಿ ಇರುವುದು ದೊಡ್ಡವರ ಮೇಲೆ. ಓಡುವವರು ಎಡವುತ್ತಾರೆ ಎಂದು ಬುದ್ಧಿ ಹೇಳಿದ ಪಾದ್ರಿಯೇ ಅದೇ ದಿನ ಮದುವೆ ಮಾಡಿಸಿದ. ಅಪ್ಪನೋ, ಗುರುವಾರಕ್ಕೆ ಗೊತ್ತುಮಾಡಿದ್ದ ಇನ್ನೊಂದು ಮದುವೆಯನ್ನು ಬುಧವಾರಕ್ಕೆ ಎಳೆದ. ಪಾಪ, ಅವಳು ಒಂದು ದಿನ ಮುಂಚೆಯೇ ಮದ್ದು ಕುಡಿಯಬೇಕಾಯಿತು.

ಮನೆಯಲ್ಲಿ ಆಗ ಅಡಿಕೆ ಸುಲಿಯುವ ಕಾಲ. ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಬಿಟ್ಟು ಯಾರೂ ಏಳುತ್ತಿರಲಿಲ್ಲ. ನಿದ್ದೆ ಬಾರದಿರಲಿ ಎಂದು ಯಾರಾದರೂ ಕತೆ ಹೇಳಬೇಕು. ಆ ರಾತ್ರಿ ನಾನು ಇದನ್ನೇ ಹೇಳಿದೆ. ಗೋರಿಯೊಳಗೆ ಅವಳನ್ನು ಕಂಡು ರೋಮಿಯೋ ವಿಷ ಕುಡಿದ, ಅವನು ಸತ್ತ ಮೇಲೆ ಅವಳಿಗೆ ಎಚ್ಚರವಾಯಿತು ಎಂದಾಗ ಆಯಿಯ ಕೈ ನಿಂತಿತು.

“ಎಂತಕ್ಕೆ ಅಷ್ಟು ಗಡಿಬಿಡಿ ಮಾಣಿ? ಒಂಚೂರು ಕೂತು ಅತ್ತಿದ್ರೆ ಕೂಸು ಏಳ್ತಿತ್ತು, ಅಲ್ದಾ?”

ಮರುದಿನ ಸರ್‌ಗೆ ಹೇಳಿದೆ. ಅವರು ಪುಸ್ತಕ ತೆಗೆದು ಒಂದು ಸಾಲು ತೋರಿಸಿದರು. ಪಾದ್ರಿ ಗೋರಿಯ ಹತ್ತಿರ ಬಂದಾಗ ರೋಮಿಯೋ ಒಳಗೆ ಹೋಗಿ ಅರ್ಧ ಗಂಟೆಯಾಗಿತ್ತು. ಬೋರ್ಡಿನಲ್ಲಿ ಅಳಿಸದೆ ಉಳಿದಿದ್ದ ‘ಗುರುವಾರ’ದ ಪಕ್ಕ ಅದನ್ನೂ ಬರೆದರು.